ಸಣ್ಣ ಉದ್ದಿಮೆಗಳಿಗೆ ಸಾಲ ಸಿಗದಿರಲು ನಿಜವಾದ ತಡೆ ಯಾವುದು: ಬಡ್ಡಿಯೋ, ಅಡಮಾನವೋ, ಬಾರದ ಬಾಕಿಯೋ?

ಅರ್ಥಶಾಸ್ತ್ರ ಉಪನ್ಯಾಸಕ (ವಿಷಯ ಮಂಡನೆ)

ಅಭಿವೃದ್ಧಿಶೀಲ ದೇಶಗಳಲ್ಲಿ ಸಣ್ಣ ಉದ್ದಿಮೆಗಳಿಗೆ ಸಾಲ ಸುಲಭವಾಗಿ ಸಿಗುವುದಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ; ಆದರೆ ಏಕೆ ಸಿಗುವುದಿಲ್ಲ ಎಂದು ಕೇಳಿದ ಕೂಡಲೇ ಮಾತು ಬಡ್ಡಿದರಕ್ಕೆ ಹೋಗಿ ನಿಂತುಬಿಡುತ್ತದೆ. ಬಡ್ಡಿ ಇಳಿಸಿದರೆ ಸಾಲ ತಾನಾಗಿ ಹರಿಯುತ್ತದೆ ಎಂಬ ಈ ನಂಬಿಕೆಯನ್ನು ಪ್ರಶ್ನಿಸುವುದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮವು 2017ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಅಭಿವೃದ್ಧಿಶೀಲ ದೇಶಗಳಲ್ಲಿ ಅಧಿಕೃತವಾಗಿ ನೋಂದಾಯಿಸಿಕೊಂಡ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಪೈಕಿ ಸುಮಾರು 6.5 ಕೋಟಿ ಉದ್ದಿಮೆಗಳು, ಅಂದರೆ ಶೇ 40ರಷ್ಟು, ತಮಗೆ ಬೇಕಾದಷ್ಟು ಸಾಲ ಪಡೆಯಲಾಗದ ಸ್ಥಿತಿಯಲ್ಲಿದ್ದವು. ಕೊರತೆಯ ಮೊತ್ತ ವರ್ಷಕ್ಕೆ 5.2 ಲಕ್ಷ ಕೋಟಿ ಡಾಲರ್. ನೋಂದಣಿಯೇ ಇಲ್ಲದ ಉದ್ದಿಮೆಗಳು ಈ ಲೆಕ್ಕದ ಹೊರಗಿವೆ ಎಂಬುದನ್ನು ಗಮನಿಸಬೇಕು.

ಈ ಉದ್ದಿಮೆಗಳಿಗೆ ಬಡ್ಡಿ ಕಟ್ಟುವ ಶಕ್ತಿ ಇಲ್ಲವೇ? ಶ್ರೀಲಂಕಾದಲ್ಲಿ ಡಿ ಮೆಲ್, ಮೆಕೆಂಝಿ ಮತ್ತು ವುಡ್ರಫ್ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಅವರು ಅತಿಸಣ್ಣ ಉದ್ದಿಮೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಹಿಂದಿರುಗಿಸಬೇಕಿಲ್ಲದ ಸಣ್ಣ ಮೊತ್ತದ ನಗದು ಅಥವಾ ಸರಕು ಕೊಟ್ಟು, ನಂತರದ ಲಾಭವನ್ನು ಅಳೆದರು. ಸರಾಸರಿ ಪ್ರತಿಫಲ ತಿಂಗಳಿಗೆ ಶೇ 5ರ ಆಸುಪಾಸಿನಲ್ಲಿತ್ತು. ಅದು ಅಲ್ಲಿನ ಬ್ಯಾಂಕ್ ಬಡ್ಡಿಗಿಂತ ಬಹಳ ಹೆಚ್ಚು. ಬಂಡವಾಳ ಕೈಗೆ ಬಂದರೆ ಅದನ್ನು ದುಡಿಸಿ ಬಡ್ಡಿ ಕಟ್ಟಿ ಉಳಿಸಿಕೊಳ್ಳಬಲ್ಲವರು ಇದ್ದಾರೆ ಎಂದಾಯಿತು. ಆದರೂ ಬ್ಯಾಂಕು ಕೊಡುವುದಿಲ್ಲ. ಹೆಚ್ಚು ಬಡ್ಡಿ ಕೊಡುತ್ತೇವೆಂದರೂ ಕೊಡುವುದಿಲ್ಲ.

ಇದಕ್ಕೆ ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ 1981ರಲ್ಲಿ ಕೊಟ್ಟ ವಿವರಣೆ ಇಂದಿಗೂ ಸಲ್ಲುತ್ತದೆ. ಬಡ್ಡಿ ಏರಿಸುತ್ತ ಹೋದಂತೆ ಎಚ್ಚರಿಕೆಯಿಂದ ವ್ಯವಹರಿಸುವವರು ಹಿಂದೆ ಸರಿಯುತ್ತಾರೆ, ಬಂದದ್ದು ಬರಲಿ ಎಂದು ಜೂಜಾಡುವವರು ಉಳಿಯುತ್ತಾರೆ. ಯಾರು ಎಂಥವರು ಎಂದು ಬ್ಯಾಂಕಿಗೆ ಮೊದಲೇ ತಿಳಿಯದಿರುವುದರಿಂದ, ಒಂದು ಮಟ್ಟದ ಮೇಲೆ ಬಡ್ಡಿ ಹೆಚ್ಚಿಸಿದರೆ ಅದರ ಲಾಭವೇ ಇಳಿಯುತ್ತದೆ. ಆದ್ದರಿಂದ ಅದು ದರವನ್ನು ಅಲ್ಲಿಗೇ ನಿಲ್ಲಿಸಿ, ಉಳಿದ ಅರ್ಜಿದಾರರನ್ನು ವಾಪಸು ಕಳುಹಿಸುತ್ತದೆ.

ನನ್ನ ವಾದ ಇಷ್ಟು. ಸಾಲಗಾರ ಎಂಥವನೆಂದು ತಿಳಿಯುವುದಕ್ಕೆ ತಗಲುವ ವೆಚ್ಚವೇ ಮೂಲ ತಡೆ, ಏಕೆಂದರೆ ಆ ವೆಚ್ಚ ಸಾಲದ ಗಾತ್ರಕ್ಕೆ ತಕ್ಕಂತೆ ತಗ್ಗುವುದಿಲ್ಲ. ಒಂದು ಅರ್ಜಿಯ ಪರಿಶೀಲನೆಗೆ ಸಾವಿರ ಖರ್ಚಾಗುತ್ತದೆ ಎಂದುಕೊಳ್ಳಿ. ಹತ್ತು ಲಕ್ಷದ ಸಾಲದಲ್ಲಿ ಅದು ಶೇ 0.1, ಹತ್ತು ಸಾವಿರದ ಸಾಲದಲ್ಲಿ ಶೇ 10. ಪರಿಶೀಲನೆಯನ್ನು ಅಗ್ಗವಾಗಿಸುವ ಸುಧಾರಣೆಗಳು ಫಲ ಕೊಡುತ್ತವೆ, ಉಳಿದವು ಕಾಗದದ ಮೇಲೆ ಉಳಿಯುತ್ತವೆ ಎಂಬುದು ನನ್ನ ತಿಳಿವಳಿಕೆ. ಒಪ್ಪದವರು ದಯವಿಟ್ಟು ಬರೆಯಿರಿ.

ನಿವೃತ್ತ ಸಾಲ ಅಧಿಕಾರಿ

ಉಪನ್ಯಾಸಕರ ಮಾತಿನಲ್ಲಿ ಹುರುಳಿದೆ. ಆದರೆ ಬ್ಯಾಂಕಿನ ಒಳಗಿನಿಂದ ನೋಡಿದರೆ ವೆಚ್ಚದ ಜೊತೆಗೆ ಭಯವೂ ಕಾಣುತ್ತದೆ, ಮತ್ತು ಭಯಕ್ಕೆ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲದ ಕಾರಣ ಹೊರಗಿನವರಿಗೆ ಅದು ತಿಳಿಯುವುದಿಲ್ಲ.

ಸಣ್ಣ ಸಾಲವಾಗಲಿ ದೊಡ್ಡದಾಗಲಿ, ಗುರುತಿನ ದಾಖಲೆ, ಸ್ಥಳ ಪರಿಶೀಲನೆ, ಹಳೆಯ ಸಾಲಗಳ ವಿಚಾರಣೆ, ಆಸ್ತಿಯ ಮೌಲ್ಯಮಾಪನ, ವಕೀಲರ ಅಭಿಪ್ರಾಯ, ಮಂಜೂರಾತಿ ಟಿಪ್ಪಣಿ ಇವೆಲ್ಲ ಆಗಲೇಬೇಕು. ಕೊಟ್ಟ ಮೇಲೆ ದಾಸ್ತಾನು ತಪಾಸಣೆ, ಕಂತಿನ ಬೆನ್ನುಹತ್ತುವಿಕೆ ಬೇರೆ. ಇಷ್ಟೆಲ್ಲ ಮಾಡಿ ಕೊಟ್ಟ ಸಾಲ ಸುಸ್ತಿಯಾದರೆ ಸಹಿ ಹಾಕಿದ ಅಧಿಕಾರಿ ವಿವರಣೆ ಬರೆಯಬೇಕು, ಕೆಲವೊಮ್ಮೆ ಇಲಾಖಾ ವಿಚಾರಣೆ ಎದುರಿಸಬೇಕು. ಕೊಡಬಹುದಾಗಿದ್ದ ಒಳ್ಳೆಯ ಸಾಲವನ್ನು ನಿರಾಕರಿಸಿದ್ದಕ್ಕೆ ಮಾತ್ರ ಯಾರೂ ಯಾರನ್ನೂ ಕೇಳಿದ್ದನ್ನು ನಾನು ನನ್ನ ಇಡೀ ವೃತ್ತಿಜೀವನದಲ್ಲಿ ಕಾಣಲಿಲ್ಲ. ಬ್ಯಾನರ್ಜಿ, ಕೋಲ್ ಮತ್ತು ಡಫ್ಲೊ ಭಾರತದ ಸರ್ಕಾರಿ ಬ್ಯಾಂಕೊಂದರ ಸಾಲದ ಕಡತಗಳನ್ನು ಪರಿಶೀಲಿಸಿದಾಗ ಕಂಡದ್ದೂ ಇದೇ: ಬಹುಪಾಲು ಪ್ರಕರಣಗಳಲ್ಲಿ ಉದ್ದಿಮೆಯ ಮಾರಾಟ ಏರಲಿ ಇಳಿಯಲಿ, ಹಿಂದಿನ ವರ್ಷದ ಸಾಲಮಿತಿಯನ್ನೇ ಅಧಿಕಾರಿಗಳು ಮುಂದುವರಿಸಿದ್ದರು. ಹಳೆಯ ಅಂಕಿಯನ್ನೇ ಬರೆದರೆ ಅದು ಯಾರ ನಿರ್ಧಾರವೂ ಆಗಿರುವುದಿಲ್ಲ, ಹಾಗಾಗಿ ಅದಕ್ಕೆ ಯಾರೂ ಹೊಣೆಯಲ್ಲ.

ಇದಕ್ಕೆ ಎದುರಾಗಿ ಸರ್ಕಾರಿ ಸಾಲಪತ್ರಗಳಿವೆ. ಅವುಗಳಿಗೆ ಪರಿಶೀಲನೆ ಬೇಕಿಲ್ಲ, ವಸೂಲಿ ಬೇಕಿಲ್ಲ, ಸ್ವದೇಶಿ ಕರೆನ್ಸಿಯಲ್ಲಿದ್ದರೆ ನಷ್ಟವಾದೀತೆಂದು ಬ್ಯಾಂಕು ಸಾಮಾನ್ಯವಾಗಿ ಬಂಡವಾಳವನ್ನೂ ಬದಿಗಿಡಬೇಕಿಲ್ಲ. ಸರ್ಕಾರ ಒಳ್ಳೆಯ ಬಡ್ಡಿಗೆ ಸಾಲ ಎತ್ತುತ್ತಿರುವ ದೇಶದಲ್ಲಿ, ಸಣ್ಣ ಕಾರ್ಖಾನೆಯ ಬಾಗಿಲಿಗೆ ಹೋಗಿ ದಾಸ್ತಾನು ಎಣಿಸಿ ಬನ್ನಿ ಎಂದು ಬ್ಯಾಂಕಿಗೆ ಹೇಳುವುದು ಕಷ್ಟ.

ಅಡಮಾನವನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಅರ್ಜಿದಾರನನ್ನು ಅರಿಯುವ ಶ್ರಮವನ್ನು ಜಮೀನು, ಮನೆ ಉಳಿಸಿಕೊಡುತ್ತವೆ. ಹೀಗಾಗಿ ಒಳ್ಳೆಯ ವ್ಯಾಪಾರವಿದ್ದು ಆಸ್ತಿಯಿಲ್ಲದವನು ಹೊರಗುಳಿಯುತ್ತಾನೆ, ಆಸ್ತಿಯಿದ್ದು ವ್ಯಾಪಾರವೇ ತಿಳಿಯದವನು ಒಳಬರುತ್ತಾನೆ.

ಬಿಡಿಭಾಗ ತಯಾರಕ

ಇಬ್ಬರೂ ಹಿರಿಯರು ಬ್ಯಾಂಕಿನ ಕಡೆಯಿಂದ ನೋಡುತ್ತಿದ್ದೀರಿ. ನಾನು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಡೆಸುವವನು. ನನ್ನ ಕಡೆಯಿಂದ ನೋಡಿದರೆ ಪ್ರಶ್ನೆಯೇ ತಿರುವುಮುರುವಾಗುತ್ತದೆ. ನನಗೆ ಸಾಲ ಏಕೆ ಬೇಕು ಎಂದು ಯಾರೂ ಕೇಳುತ್ತಿಲ್ಲ. ನಾನು ನನಗಿಂತ ನೂರಾರು ಪಟ್ಟು ದೊಡ್ಡದಾದ ಕಂಪನಿಗಳಿಗೆ ಸಾಲ ಕೊಡುತ್ತಿರುವುದರಿಂದ ನನಗೆ ಸಾಲ ಬೇಕಾಗಿದೆ.

ಕಚ್ಚಾಮಾಲಿಗೆ ನಾನು ಮುಂಗಡ ಕೊಡಬೇಕು, ಕೂಲಿ ತಿಂಗಳಿಗೆ ಸರಿಯಾಗಿ ಕೊಡಬೇಕು, ತೆರಿಗೆಯನ್ನು ಹಣ ಬರುವ ಮೊದಲೇ ಕಟ್ಟಬೇಕು. ಸರಕು ತಲುಪಿದ ಮೇಲೆ ಖರೀದಿದಾರರು ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಿಸುತ್ತಾರೆ, ಅಷ್ಟೂ ದಿನ ಬಡ್ಡಿಯಿಲ್ಲದೆ. ಜೋರಾಗಿ ಕೇಳಿದರೆ ಮುಂದಿನ ಆರ್ಡರ್ ಬೇರೆಯವರಿಗೆ ಹೋಗುತ್ತದೆ. ಪಾವತಿ ಸಕಾಲಕ್ಕೆ ಬಂದರೆ ನನ್ನ ದುಡಿಯುವ ಬಂಡವಾಳದ ಸಾಲದ ದೊಡ್ಡ ಭಾಗ ಬೇಕಾಗುವುದೇ ಇಲ್ಲ.

ಇದರಲ್ಲಿ ಇನ್ನೂ ಒಂದು ತೊಡಕಿದೆ, ನಿವೃತ್ತ ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಮ್ಮಂಥವರ ಸಾಲಮಿತಿಯಲ್ಲಿ ಎಷ್ಟು ಹಣ ತೆಗೆಯಬಹುದು ಎಂಬ ಡ್ರಾಯಿಂಗ್ ಪವರ್ ಅನ್ನು ದಾಸ್ತಾನು ಮತ್ತು ಬರಬೇಕಾದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 90 ದಿನ ಮೀರಿದ ಬಾಕಿಯನ್ನು ಆ ಲೆಕ್ಕದಿಂದ ತೆಗೆದುಹಾಕುತ್ತಾರೆ. ಅಂದರೆ ಖರೀದಿದಾರ ಪಾವತಿ ತಡಮಾಡಿದ ತಿಂಗಳೇ, ನನಗೆ ಹಣ ಅತ್ಯಂತ ಬೇಕಾದ ತಿಂಗಳೇ, ಬ್ಯಾಂಕಿನ ಮಿತಿಯೂ ಕುಗ್ಗುತ್ತದೆ. ಆಗ ಉಳಿಯುವುದು ಲೇವಾದೇವಿಯವರ ಬಾಗಿಲು. ಇದನ್ನು ಪರಿಶೀಲನಾ ವೆಚ್ಚ ಎಂದು ಹೇಗೆ ಕರೆಯುತ್ತೀರಿ?

ನಿವೃತ್ತ ಸಾಲ ಅಧಿಕಾರಿ

ತಾವು ಹೇಳಿದ ನಿಯಮ ನಿಜ. ಹಳೆಯ ಬಾಕಿ ವಸೂಲಾಗುವ ಸಾಧ್ಯತೆ ಕಡಿಮೆ ಎಂಬ ಸಾಮಾನ್ಯ ಅನುಭವದ ಮೇಲೆ ಅದನ್ನು ಮಾಡಿದ್ದಾರೆ. ನಿಧಾನವಾಗಿಯಾದರೂ ಖಂಡಿತ ಪಾವತಿಸುವ ದೊಡ್ಡ ಖರೀದಿದಾರನನ್ನೂ, ಕೈಯೆತ್ತಲಿರುವ ಖರೀದಿದಾರನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬ ತಮ್ಮ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ.

ಲೆಕ್ಕಪತ್ರ ಸಲಹೆಗಾರ್ತಿ

ತಯಾರಕರ ನೋವು ಅರ್ಥವಾಗುತ್ತದೆ, ಆದರೆ ಸಣ್ಣ ಉದ್ದಿಮೆಗಳ ಲೆಕ್ಕ ಬರೆಯುವವಳಾಗಿ ನಮ್ಮ ಕಡೆಯ ಒಂದು ಸಂಗತಿಯನ್ನೂ ಹೇಳಬೇಕು. ತೆರಿಗೆಯ ಭಯದಿಂದ ಮಾರಾಟವನ್ನೂ ಲಾಭವನ್ನೂ ಕಡಿಮೆ ತೋರಿಸುವ ಉದ್ದಿಮೆಗಳು ಎಲ್ಲ ಅಭಿವೃದ್ಧಿಶೀಲ ದೇಶಗಳಲ್ಲೂ ಇವೆ. ಅದೇ ಮಾಲೀಕರು ಸಾಲಕ್ಕೆ ಹೋದಾಗ, ಕಾಗದದ ಮೇಲಿರುವ ಆ ಬಡಕಲು ಉದ್ದಿಮೆಗೆ ಎಷ್ಟು ಕೊಡಬಹುದೋ ಅಷ್ಟನ್ನೇ ಬ್ಯಾಂಕು ಕೊಡುತ್ತದೆ. "ನಿಜವಾದ ವ್ಯಾಪಾರ ಇದಕ್ಕಿಂತ ಹೆಚ್ಚಿದೆ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಅಧಿಕಾರಿಗೆ ಎರಡು ಅರ್ಥ ಹೊಳೆಯುತ್ತವೆ: ಒಂದೋ ಇವರು ಈಗ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ತೆರಿಗೆ ಇಲಾಖೆಗೆ ಹೇಳಿದ್ದರು. ಎರಡೂ ಸಾಲಕ್ಕೆ ಒಳ್ಳೆಯ ಪೀಠಿಕೆಯಲ್ಲ.

ಹಾಗೆಂದು ಇದನ್ನು ಕೇವಲ ನೀತಿಯ ಪ್ರಶ್ನೆಯೆಂದು ನಾನು ಭಾವಿಸುವುದಿಲ್ಲ. ನೋಂದಣಿ ಮಾಡಿಸಿ ಲೆಕ್ಕವನ್ನು ಪೂರ್ತಿ ತೆರೆದಿಟ್ಟರೆ ತೆರಿಗೆ, ತಪಾಸಣೆ, ವೃತ್ತಿಪರರ ಶುಲ್ಕ ಇವೆಲ್ಲ ಖಚಿತವಾಗಿ ಬರುತ್ತವೆ, ಸಾಲ ಮಾತ್ರ ಬಂದರೂ ಬರಬಹುದು ಎಂಬ ಸ್ಥಿತಿಯಲ್ಲಿದೆ. ಆ ಲೆಕ್ಕಾಚಾರದಲ್ಲಿ ಅನೇಕರು ನೆರಳಿನಲ್ಲಿಯೇ ಉಳಿಯುತ್ತಾರೆ. ಮನೆಯ ಖರ್ಚೂ ಅಂಗಡಿಯ ಖರ್ಚೂ ಒಂದೇ ಚೀಲದಿಂದ ಹೋಗುವ ಕಡೆ ಮಾಲೀಕರಿಗೇ ತಮ್ಮ ಲಾಭ ಎಷ್ಟೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಬ್ಯಾಂಕಿಗೆ ತೋರಿಸುವುದು ಹೇಗೆ?

ಇತ್ತೀಚಿನ ವರ್ಷಗಳಲ್ಲಿ ಇದು ಸ್ವಲ್ಪ ಬದಲಾಗುತ್ತಿದೆ. ಮೊಬೈಲ್ ಮತ್ತು ಕಾರ್ಡ್ ಪಾವತಿಗಳು ಮಾಲೀಕರು ಬರೆಯದಿದ್ದರೂ ಒಂದು ಲೆಕ್ಕವನ್ನು ಬರೆದಿಡುತ್ತವೆ. ಬ್ರೆಜಿಲ್ 2021ರಲ್ಲಿ ವ್ಯಾಪಾರಿಗಳಿಗೆ ಕಾರ್ಡ್ ಮಾರಾಟದಿಂದ ಬರಬೇಕಾದ ಮೊತ್ತಗಳನ್ನು ಕಡ್ಡಾಯವಾಗಿ ನೋಂದಾಯಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರಿಂದ ವ್ಯಾಪಾರಿಯೊಬ್ಬರು ತಮ್ಮ ಮುಂದಿನ ಜಮೆಗಳನ್ನು ಆಧಾರವಾಗಿಟ್ಟು ಯಾವುದೇ ಸಾಲದಾತರ ಬಳಿಗೆ ಹೋಗಬಹುದು. ಮೊದಲಾದರೆ ಆ ಮಾಹಿತಿಯನ್ನು ಹಿಡಿದಿಟ್ಟುಕೊಂಡ ಬ್ಯಾಂಕು ಹೇಳಿದ್ದೇ ದರವಾಗುತ್ತಿತ್ತು. ಉಪನ್ಯಾಸಕರು ಹೇಳಿದ ಪರಿಶೀಲನಾ ವೆಚ್ಚ ಇಳಿಯುವುದು ಇಂಥ ಕಡೆ.

ಕಾನೂನು ಸಂಶೋಧಕ

ಅಡಮಾನದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ವಿಶ್ವಬ್ಯಾಂಕಿನ ಸಮೀಕ್ಷೆಗಳ ಪ್ರಕಾರ ಅಭಿವೃದ್ಧಿಶೀಲ ದೇಶಗಳ ಉದ್ದಿಮೆಗಳ ಬಂಡವಾಳ ಆಸ್ತಿಯಲ್ಲಿ ಸುಮಾರು ಶೇ 78 ಚರಾಸ್ತಿ: ಯಂತ್ರ, ವಾಹನ, ದಾಸ್ತಾನು, ಬರಬೇಕಾದ ಬಾಕಿ. ಜಮೀನು ಮತ್ತು ಕಟ್ಟಡದ ಪಾಲು ಶೇ 22 ಮಾತ್ರ. ಬ್ಯಾಂಕುಗಳು ಕೇಳುವುದು ಮುಖ್ಯವಾಗಿ ಈ ಎರಡನೆಯದನ್ನು. ಉದ್ದಿಮೆಯ ಬಳಿ ಇರುವುದೇ ಒಂದು, ಬ್ಯಾಂಕು ಒಪ್ಪುವುದೇ ಇನ್ನೊಂದು.

ಬ್ಯಾಂಕುಗಳು ಚರಾಸ್ತಿಯನ್ನು ಒಪ್ಪದಿರಲು ಕಾರಣವಿದೆ. ಒಂದೇ ಯಂತ್ರವನ್ನು ಮೂವರಿಗೆ ಅಡವಿಟ್ಟರೂ ಪತ್ತೆಹಚ್ಚಲು ಹಲವು ದೇಶಗಳಲ್ಲಿ ಸಾರ್ವಜನಿಕ ದಾಖಲೆ ಇರಲಿಲ್ಲ, ಮೊದಲ ಹಕ್ಕು ಯಾರದು ಎಂಬುದಕ್ಕೆ ಸ್ಪಷ್ಟ ನಿಯಮವೂ ಇರಲಿಲ್ಲ. ಘಾನಾ 2008ರ ಕಾಯಿದೆಯ ನಂತರ 2010ರಲ್ಲಿ ಇಂಥ ನೋಂದಣಿ ವ್ಯವಸ್ಥೆಯನ್ನು ಆರಂಭಿಸಿತು. ಕೊಲಂಬಿಯಾ 2013ರಲ್ಲಿ ಕಾಯಿದೆ ಮಾಡಿತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 2016ರಲ್ಲಿ ಮಾದರಿ ಕಾಯಿದೆಯನ್ನು ಅಂಗೀಕರಿಸಿತು. ಹಲವು ದೇಶಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ನೋಂದಣಿ ಬಂದ ಕಡೆ ಉದ್ದಿಮೆಗಳಿಗೆ ಬ್ಯಾಂಕ್ ಸಾಲ ಸಿಗುವುದು ಹೆಚ್ಚಿತು ಮತ್ತು ಚಿಕ್ಕ ಉದ್ದಿಮೆಗಳಿಗೆ ಲಾಭ ಹೆಚ್ಚಾಗಿತ್ತು ಎಂದು ಕಂಡುಬಂದಿದೆ.

ಇನ್ನೊಂದು ಮಾತು ಹಿತವಾದದ್ದಲ್ಲ. ವಸೂಲಿ ನ್ಯಾಯಾಲಯಗಳು ಚುರುಕಾದರೆ ಬ್ಯಾಂಕುಗಳು ಧೈರ್ಯದಿಂದ ಸಾಲ ಕೊಡುತ್ತವೆ, ಅದರಿಂದ ಚಿಕ್ಕವರಿಗೂ ಅನುಕೂಲ ಎಂದು ನಾವೆಲ್ಲ ತಿಳಿದಿದ್ದೇವೆ. ಭಾರತದಲ್ಲಿ 1993ರ ಕಾಯಿದೆಯಿಂದ ಬಂದ ಸಾಲ ವಸೂಲಾತಿ ನ್ಯಾಯಮಂಡಳಿಗಳನ್ನು ಅಭ್ಯಸಿಸಿ ಲಿಲಿಯನ್‌ಫೆಲ್ಡ್-ಟೋಲ್, ಮುಖರ್ಜಿ ಮತ್ತು ವಿಸಾರಿಯಾ 2012ರಲ್ಲಿ ಪ್ರಕಟಿಸಿದ ಲೇಖನ ಬೇರೆಯದನ್ನು ತೋರಿಸಿತು. ವಸೂಲಿ ಬಿಗಿಯಾದಾಗ ಹೆಚ್ಚು ಆಸ್ತಿಯುಳ್ಳ ದೊಡ್ಡವರು ಹೆಚ್ಚು ಸಾಲ ಕೇಳಿದರು, ಬ್ಯಾಂಕುಗಳೂ ಅವರಿಗೇ ಕೊಟ್ಟವು; ಕೊಡಲು ಇರುವ ಹಣವೇ ಸೀಮಿತವಾದ್ದರಿಂದ ಚಿಕ್ಕವರ ಪಾಲು ಕುಗ್ಗಿತು. ಕಾನೂನು ಸುಧಾರಣೆಯೆಲ್ಲ ಚಿಕ್ಕವರ ಪರ ಎಂದು ಭಾವಿಸುವ ನನ್ನಂಥವರಿಗೆ ಇದು ಕಹಿಯಾದ ಓದು.

ಓದುಗ

ಒಂದು ಸಂದೇಹ. ಬಡವರ ಮನೆ, ಜಾಗಗಳಿಗೆ ಹಕ್ಕುಪತ್ರ ಕೊಟ್ಟರೆ ಅದೇ ಅಡಮಾನವಾಗಿ ಸಾಲ ಸಿಗುತ್ತದೆ ಎಂದು ಹಿಂದೆ ಬಹಳ ಕೇಳಿದ್ದೆವು. ಆ ವಾದ ಏನಾಯಿತು?

ಕಾನೂನು ಸಂಶೋಧಕ

ಅದು ಪೆರು ದೇಶದ ಹರ್ನಾಂಡೊ ಡಿ ಸೊಟೊ ಅವರ ಪ್ರಸಿದ್ಧ ವಾದ. ದಾಖಲೆಯಿಲ್ಲದ ಕಾರಣಕ್ಕೆ ಬಡವರ ಆಸ್ತಿ ಸತ್ತ ಬಂಡವಾಳವಾಗಿ ಬಿದ್ದಿದೆ ಎಂದು ಅವರು ಹೇಳಿದರು. ಪೆರುವಿನಲ್ಲೇ ದೊಡ್ಡ ಪ್ರಮಾಣದಲ್ಲಿ ಹಕ್ಕುಪತ್ರಗಳನ್ನು ಹಂಚಲಾಯಿತು, ಆದರೆ ಖಾಸಗಿ ಬ್ಯಾಂಕುಗಳ ಸಾಲ ನಿರೀಕ್ಷೆಯಂತೆ ಹೆಚ್ಚಲಿಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೊರವಲಯದಲ್ಲಿ ಹಕ್ಕುಪತ್ರ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದಾಗ, ಸಿಕ್ಕವರು ಮನೆಯನ್ನು ಗಟ್ಟಿಮಾಡಿಕೊಂಡಿದ್ದರು, ಮಕ್ಕಳ ಓದು ಉತ್ತಮಗೊಂಡಿತ್ತು. ಸಾಲ ಮಾತ್ರ ಅಲ್ಪಸ್ವಲ್ಪ ಹೆಚ್ಚಿತ್ತು.

ಕಾರಣ ಸರಳ. ಬಡ ಬಡಾವಣೆಯ ಚಿಕ್ಕ ಮನೆಯನ್ನು ಜಪ್ತಿ ಮಾಡಿದರೂ ಹರಾಜಿನಲ್ಲಿ ಕೊಳ್ಳಲು ನೆರೆಯವರು ಬರುವುದಿಲ್ಲ, ಕುಟುಂಬವನ್ನು ಹೊರಹಾಕುವುದು ರಾಜಕೀಯವಾಗಿಯೂ ಸುಲಭವಲ್ಲ, ದಾವೆಯ ಖರ್ಚು ಸಾಲದ ಮೊತ್ತವನ್ನೇ ಮೀರುತ್ತದೆ. ಬ್ಯಾಂಕುಗಳಿಗೆ ಇದೆಲ್ಲ ಮೊದಲೇ ಗೊತ್ತಿರುತ್ತದೆ.

ಕಿರುಸಾಲ ಕ್ಷೇತ್ರ ಕಾರ್ಯಕರ್ತೆ

ಆಸ್ತಿಯೇ ಇಲ್ಲದವರಿಗೆ ಸಾಲ ಕೊಟ್ಟು ವಸೂಲು ಮಾಡಬಹುದೆಂದು ತೋರಿಸಿದ್ದು ಕಿರುಸಾಲ ಚಳವಳಿ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಅಲ್ಲಿ ಸಾಲ ಪಡೆಯುವವರು ಚಿಕ್ಕ ಗುಂಪುಗಳಾಗಿ ಸೇರುತ್ತಾರೆ; ಗುಂಪಿನವರು ಪರಸ್ಪರರನ್ನು ಬಲ್ಲರು, ಆದ್ದರಿಂದ ಬ್ಯಾಂಕಿನ ಪರಿಶೀಲನೆಯ ಕೆಲಸವನ್ನು ಅವರೇ ಮಾಡುತ್ತಾರೆ ಎಂಬುದು ಅದರ ತಿರುಳು. ಈ ಮಟ್ಟಿಗೆ ಉಪನ್ಯಾಸಕರ ವಾದಕ್ಕೆ ಇದು ಒಳ್ಳೆಯ ಸಾಕ್ಷಿ.

ಆದರೆ ಕಿರುಸಾಲ ಸಣ್ಣ ಉದ್ದಿಮೆಯನ್ನು ಬೆಳೆಸಿತೇ? ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ ಮತ್ತು ಮೊರಾಕ್ಕೊಗಳಲ್ಲಿ ನಡೆದು 2015ರಲ್ಲಿ ಒಟ್ಟಾಗಿ ಪ್ರಕಟವಾದ ಆರು ಅಧ್ಯಯನಗಳ ಸಾರ, ಪರಿಣಾಮ ಅಲ್ಪಸ್ವಲ್ಪ ಒಳ್ಳೆಯದು, ಬದುಕನ್ನು ಬದಲಿಸುವಂಥದ್ದಲ್ಲ ಎಂಬುದು. ಸಾಲ ಕೊಟ್ಟ ಮರುವಾರದಿಂದಲೇ ಕಂತು ಕೇಳುವ ಪದ್ಧತಿಯೇ ಇದಕ್ಕೆ ಒಂದು ಕಾರಣವೆಂದು ನನ್ನ ಅನುಭವ ಹೇಳುತ್ತದೆ. ಇಂದು ಕೊಂಡು ನಾಳೆ ಮಾರುವ ವ್ಯಾಪಾರಕ್ಕೆ ಅದು ಹೊಂದುತ್ತದೆ. ಯಂತ್ರ ತಂದು, ಕೆಲಸ ಕಲಿತು, ಗಿರಾಕಿಗಳನ್ನು ಹುಡುಕಬೇಕಾದ ಉದ್ದಿಮೆಗೆ ಹೊಂದುವುದಿಲ್ಲ. ಕೊಲ್ಕತ್ತದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟಾಗ ಮಹಿಳೆಯರು ಉದ್ದಿಮೆಯಲ್ಲಿ ಹೆಚ್ಚು ಹಣ ಹೂಡಿದರು, ವರ್ಷಗಳ ನಂತರ ಅವರ ಲಾಭವೂ ಹೆಚ್ಚಿತ್ತು. ಆದರೆ ಸುಸ್ತಿಯೂ ಹೆಚ್ಚಿತು. ಹಾಗಾಗಿಯೇ ಸಂಸ್ಥೆಗಳು ಹಳೆಯ ಪದ್ಧತಿಯನ್ನು ಬಿಡಲೊಪ್ಪುವುದಿಲ್ಲ. ಸಾಹಸಕ್ಕೆ ಅವಕಾಶ ಕೊಟ್ಟರೆ ಕೆಲವರು ಸೋಲುತ್ತಾರೆ. ಆ ಸೋಲಿನ ಬೆಲೆಯನ್ನು ಸಾಲದ ದರದಲ್ಲಿ ಹೇಗೆ ಸೇರಿಸಬೇಕೆಂಬುದನ್ನು ಯಾರೂ ಸರಿಯಾಗಿ ಬಿಡಿಸಿಲ್ಲ.

ಗುಂಪು ಸಾಲಕ್ಕೆ ದೊಡ್ಡದಾಗಿ, ಬ್ಯಾಂಕಿಗೆ ಚಿಕ್ಕದಾಗಿ ಉಳಿದ ಉದ್ದಿಮೆಗಳ ಸ್ಥಿತಿ ಇನ್ನೂ ಕಷ್ಟ. ಇಂಡೊನೇಷ್ಯಾದ ಸರ್ಕಾರಿ ಬ್ಯಾಂಕ್ ರಾಕ್ಯಾತ್ ಇದಕ್ಕೆ ಒಂದು ದಾರಿ ಕಂಡುಕೊಂಡಿತ್ತು. 1984ರಲ್ಲಿ ಅದು ತನ್ನ ಹಳ್ಳಿ ಶಾಖೆಗಳಲ್ಲಿ, ಸಬ್ಸಿಡಿಯಿಲ್ಲದ ಬಡ್ಡಿಗೆ, ಗುಂಪಿನ ಹಂಗಿಲ್ಲದೆ ಒಬ್ಬೊಬ್ಬರಿಗೇ ಸಾಲ ಕೊಡತೊಡಗಿತು. ಸಕಾಲಕ್ಕೆ ಕಂತು ಕಟ್ಟಿದವರಿಗೆ ಬಡ್ಡಿಯ ಒಂದು ಭಾಗ ವಾಪಸು. ಊರನ್ನು ಬಲ್ಲ ಸಿಬ್ಬಂದಿ ಮತ್ತು ಮುಂದಿನ ದೊಡ್ಡ ಸಾಲದ ಭರವಸೆ, ಇವೆರಡರ ಮೇಲೆ ಅದು ನಿಂತಿತ್ತು. 1997-98ರ ಏಷ್ಯಾದ ಆರ್ಥಿಕ ಬಿಕ್ಕಟ್ಟಿನಲ್ಲಿ ದೊಡ್ಡ ಕಂಪನಿಗಳ ಸಾಲಗಳು ಮುಳುಗಿದಾಗಲೂ ಈ ಸಣ್ಣ ಸಾಲಗಳು ಮರುಪಾವತಿಯಾಗುತ್ತಲೇ ಇದ್ದವು.

ಮಹಿಳೆಯರ ವಿಷಯವನ್ನು ಯಾರೂ ಎತ್ತಲಿಲ್ಲ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 2016ರವರೆಗೆ ವಿವಾಹಿತೆ ಬ್ಯಾಂಕ್ ಖಾತೆ ತೆರೆಯಲು, ಉದ್ದಿಮೆ ನೋಂದಾಯಿಸಲು ಗಂಡನ ಅನುಮತಿ ಬೇಕಿತ್ತು. ಕಾನೂನಿನಲ್ಲಿ ಇಂಥ ತಡೆ ಇಲ್ಲದ ಕಡೆಯೂ ಆಸ್ತಿ ಗಂಡಸರ ಹೆಸರಿನಲ್ಲಿರುವುದರಿಂದ ಅಡಮಾನದ ಬಾಗಿಲು ತಾನಾಗಿ ಮುಚ್ಚಿರುತ್ತದೆ. ಉಪನ್ಯಾಸಕರು ಉಲ್ಲೇಖಿಸಿದ ಶ್ರೀಲಂಕಾ ಅಧ್ಯಯನದಲ್ಲಿ ಮಹಿಳೆಯರ ಉದ್ದಿಮೆಗಳ ಪ್ರತಿಫಲ ಸರಾಸರಿ ಶೂನ್ಯದ ಹತ್ತಿರವಿತ್ತು, ಅದನ್ನು ಅವರು ಬಿಟ್ಟಿದ್ದಾರೆ. ಮಹಿಳೆಯರಿಗೆ ವ್ಯಾಪಾರ ಬರುವುದಿಲ್ಲ ಎಂದು ಅದನ್ನು ಓದುವವರಿಗಾಗಿ ಒಂದು ಮಾತು: ಭಾರತ, ಶ್ರೀಲಂಕಾ, ಘಾನಾಗಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಮನೆಯಲ್ಲಿ ಇನ್ನೊಂದು ಉದ್ದಿಮೆ ಇದ್ದಾಗ ಮಹಿಳೆಗೆ ಬಂದ ಬಂಡವಾಳ ಹೆಚ್ಚಾಗಿ ಗಂಡನ ಉದ್ದಿಮೆಗೆ ಹೋಗುತ್ತಿತ್ತು. ಮನೆಯಲ್ಲಿ ಅವಳದೊಂದೇ ಉದ್ದಿಮೆ ಇದ್ದಲ್ಲಿ ಪ್ರತಿಫಲ ಗಂಡಸರದ್ದಕ್ಕೆ ಕಡಿಮೆಯಿರಲಿಲ್ಲ.

ಅರ್ಥಶಾಸ್ತ್ರ ಉಪನ್ಯಾಸಕ

ಕಾರ್ಯಕರ್ತೆಯವರ ಪೂರಕ ಮಾಹಿತಿಗೆ ಧನ್ಯವಾದಗಳು. ಅದನ್ನು ಹೇಳದೆ ಸರಾಸರಿಯನ್ನು ಮಾತ್ರ ಕೊಟ್ಟರೆ ಚಿತ್ರ ಅರ್ಧವೇ ಎಂಬುದು ಸರಿ.

ಬಡ್ಡಿಗೆ ಕಾನೂನಿನ ಮಿತಿ ಹಾಕಿದರೆ ಏನಾಗುತ್ತದೆ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಕೀನ್ಯಾ ಇದನ್ನು ಮಾಡಿ ನೋಡಿತು. 2016ರ ಸೆಪ್ಟೆಂಬರ್‌ನಿಂದ ಅಲ್ಲಿನ ಬ್ಯಾಂಕ್ ಸಾಲದ ಬಡ್ಡಿ ಕೇಂದ್ರ ಬ್ಯಾಂಕಿನ ದರಕ್ಕಿಂತ ನಾಲ್ಕು ಶೇಕಡಾ ಅಂಶಗಳಿಗೂ ಹೆಚ್ಚಿರಬಾರದೆಂದು ಕಾಯಿದೆಯಾಯಿತು. ಸಣ್ಣ ಉದ್ದಿಮೆಗಳನ್ನು ಪರಿಶೀಲಿಸುವ ವೆಚ್ಚ ಆ ಅಂತರದಲ್ಲಿ ಹುಟ್ಟದ ಕಾರಣ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳತ್ತ, ದೊಡ್ಡ ಗ್ರಾಹಕರತ್ತ ಸರಿದವು. ಸಣ್ಣ ಸಾಲಗಳು ಕುಗ್ಗಿದವು. 2019ರ ನವೆಂಬರ್‌ನಲ್ಲಿ ಮಿತಿಯನ್ನು ತೆಗೆದುಹಾಕಲಾಯಿತು.

ಲೆಕ್ಕಪತ್ರ ಸಲಹೆಗಾರ್ತಿ

ಕೀನ್ಯಾದಲ್ಲೇ ಇನ್ನೊಂದು ಪಾಠವೂ ಇದೆ. 2012ರ ನವೆಂಬರ್‌ನಲ್ಲಿ ಅಲ್ಲಿ ಎಂ-ಶ್ವಾರಿ ಆರಂಭವಾಯಿತು. ಮೊಬೈಲಿನ ಬಳಕೆಯನ್ನು ನೋಡಿ ಕ್ಷಣಾರ್ಧದಲ್ಲಿ ಸಾಲ. ಪರಿಶೀಲನಾ ವೆಚ್ಚ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾದರೆ ಅಡ್ಡಿ ನಿವಾರಣೆಯಾಯಿತೇ? 30 ದಿನದ ಅವಧಿಗೆ ಶೇ 7.5 ಶುಲ್ಕವಿತ್ತು, ವರ್ಷದ ಲೆಕ್ಕದಲ್ಲಿ ಶೇ 90. ತುರ್ತಿಗೆ ಅದು ಒದಗುತ್ತದೆ, ಯಂತ್ರ ಕೊಳ್ಳುವುದಕ್ಕೆ ಅಲ್ಲ. ಇಂಥ ಆ್ಯಪ್‌ಗಳು ಹೆಚ್ಚಾದ ಮೇಲೆ ಪುಡಿಗಾಸಿನ ಸಾಲ ಉಳಿಸಿಕೊಂಡ ಅಸಂಖ್ಯ ಜನರ ಹೆಸರು, ಸಾಲಗಾರರ ಮರುಪಾವತಿಯ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದ ಸುಸ್ತಿ ಪಟ್ಟಿಗೆ ಸೇರಿತು. 2020ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್, ಸಾವಿರ ಶಿಲಿಂಗ್‌ಗಿಂತ ಕಡಿಮೆ ಬಾಕಿಗೆ ಯಾರನ್ನೂ ಆ ಪಟ್ಟಿಗೆ ಸೇರಿಸಬಾರದೆಂದು ಆದೇಶಿಸಬೇಕಾಯಿತು. ಉಪನ್ಯಾಸಕರೇ, ಅಗ್ಗದ ಪರಿಶೀಲನೆ ಒಂದೇ ಸಾಲದು. ಯಾವುದನ್ನು ಪರಿಶೀಲಿಸುತ್ತೇವೆ ಎಂಬುದೂ ಮುಖ್ಯ. ಮೊಬೈಲಿನ ಬಳಕೆ ವ್ಯಕ್ತಿಯ ಬಗ್ಗೆ ಹೇಳುತ್ತದೆ, ಉದ್ದಿಮೆಯ ಬಗ್ಗೆ ಹೇಳುವುದು ಕಡಿಮೆ.

ನಿವೃತ್ತ ಸಾಲ ಅಧಿಕಾರಿ

ಸರ್ಕಾರಿ ಖಾತರಿ ನಿಧಿಗಳ ಬಗ್ಗೆ ಚಿಕ್ಕದಾಗಿ. ಸಾಲ ಮುಳುಗಿದರೆ ಇಷ್ಟು ಪಾಲು ನಾವು ತುಂಬುತ್ತೇವೆ ಎಂದು ಅವು ಹೇಳುತ್ತವೆ. ಪಾಲು ಹೆಚ್ಚಾದರೆ ಬ್ಯಾಂಕು ಪರಿಶೀಲನೆಯನ್ನೇ ಬಿಟ್ಟುಬಿಡುತ್ತದೆ, ಕಡಿಮೆಯಾದರೆ ಯೋಜನೆಯನ್ನು ಬಳಸುವುದಿಲ್ಲ. ಚಿಲಿ ದೇಶದ ಫೊಗಾಪೆ ನಿಧಿ ಇದಕ್ಕೆ ಜಾಣ ಉಪಾಯ ಮಾಡಿತು: ಖಾತರಿಯನ್ನು ಹರಾಜಿಗಿಟ್ಟು, ಕಡಿಮೆ ಪಾಲಿನ ರಕ್ಷಣೆ ಸಾಕೆಂದ ಬ್ಯಾಂಕುಗಳಿಗೆ ಮೊದಲು ಹಂಚಿತು. ಸ್ವಂತ ಹಣ ಹೆಚ್ಚು ಪಣಕ್ಕಿಟ್ಟವರು ಹೆಚ್ಚು ಎಚ್ಚರ ವಹಿಸುತ್ತಾರೆ. ಬೇರೆಡೆಯ ಹಲವು ನಿಧಿಗಳಲ್ಲಿ ಪರಿಹಾರ ಪಡೆಯುವ ವಿಧಾನವೇ ಒಂದು ವ್ಯಾಜ್ಯದಷ್ಟು ಉದ್ದವಿದೆ.

ಬಿಡಿಭಾಗ ತಯಾರಕ

ಖಾತರಿ, ಆ್ಯಪ್, ಹಕ್ಕುಪತ್ರ ಎಲ್ಲವೂ ನನಗೆ ಇನ್ನಷ್ಟು ಸಾಲ ಕೊಡುವ ದಾರಿಗಳೇ. ನನ್ನ ಹಣ ನನಗೆ ಬೇಗ ಬರುವ ದಾರಿಯನ್ನು ಯಾರೂ ಹೇಳಲಿಲ್ಲ.

ಅರ್ಥಶಾಸ್ತ್ರ ಉಪನ್ಯಾಸಕ

ತಮ್ಮ ಆಕ್ಷೇಪ ನ್ಯಾಯವಾದದ್ದು, ಮತ್ತು ಅದಕ್ಕೆ ಹತ್ತಿರದ ಉತ್ತರ ಮೆಕ್ಸಿಕೊದ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ನಫಿನ್ 2001ರಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿದೆ. ದೊಡ್ಡ ಖರೀದಿದಾರ ತಾನು ಕೊಡಬೇಕಾದ ಮೊತ್ತವನ್ನು ಒಪ್ಪಿ ಆನ್‌ಲೈನ್ ವೇದಿಕೆಯಲ್ಲಿ ದಾಖಲಿಸುತ್ತಾನೆ. ಸಣ್ಣ ಸರಬರಾಜುದಾರ ಆ ಬಿಲ್ಲನ್ನು ತನಗಿಷ್ಟವಾದ ಹಣಕಾಸು ಸಂಸ್ಥೆಗೆ ಮಾರಿ, ಬಡ್ಡಿ ಕಳೆದು ಉಳಿದದ್ದನ್ನು ಬೇಗನೆ ಪಡೆಯುತ್ತಾನೆ. ಅವಧಿ ಮುಗಿದಾಗ ಖರೀದಿದಾರ ನೇರವಾಗಿ ಆ ಸಂಸ್ಥೆಗೆ ಪಾವತಿಸುತ್ತಾನೆ. ಖರೀದಿದಾರ ಕೊಡದಿದ್ದರೆ ಸರಬರಾಜುದಾರನ ಮೇಲೆ ಹೊಣೆಯಿಲ್ಲ. ಇಲ್ಲಿ ಪರಿಶೀಲಿಸಬೇಕಾದದ್ದು ಎಲ್ಲರಿಗೂ ಗೊತ್ತಿರುವ ದೊಡ್ಡ ಕಂಪನಿಯನ್ನು. ಸಾವಿರಾರು ಚಿಕ್ಕ ಘಟಕಗಳನ್ನು ಒಂದೊಂದಾಗಿ ಅಳೆಯುವ ಅಗತ್ಯವೇ ಬೀಳುವುದಿಲ್ಲ. ತಮ್ಮ ವಾದವೂ ನನ್ನ ವಾದವೂ ಇಲ್ಲಿ ಕೂಡುತ್ತವೆ ಎಂದು ನನಗನಿಸುತ್ತದೆ. ಸಣ್ಣ ಉದ್ದಿಮೆಗಳ ಬಿಲ್ಲುಗಳನ್ನು ಹೀಗೆ ಮಾರಲು ಭಾರತದಲ್ಲಿರುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ 2014ರಲ್ಲಿ ರೂಪಿಸಿದ ಮಾರ್ಗಸೂಚಿಯೂ ಇದೇ ಜಾಡಿನದು.

ಬಿಡಿಭಾಗ ತಯಾರಕ

ಖರೀದಿದಾರ ಬಿಲ್ಲನ್ನು ಒಪ್ಪಿ ದಾಖಲಿಸಬೇಕು ಎಂದಿರಲ್ಲ, ಎಲ್ಲ ತಡೆಯೂ ಆ ಒಂದು ಹೆಜ್ಜೆಯಲ್ಲಿದೆ. ದಾಖಲಿಸಿದರೆ ಪಾವತಿಯ ದಿನ ನಿಶ್ಚಿತವಾಗುತ್ತದೆ. ನಿಶ್ಚಿತವಾಗದಿರುವುದೇ ಅವರಿಗೆ ಅನುಕೂಲ. ನಾನೇ ಬಿಲ್ಲನ್ನು ಬೇರೆಡೆ ಮಾರೋಣವೆಂದರೆ, ಪೂರ್ವಾನುಮತಿಯಿಲ್ಲದೆ ಬಾಕಿಯನ್ನು ಯಾರಿಗೂ ವರ್ಗಾಯಿಸಬಾರದು ಎಂಬ ಷರತ್ತು ಖರೀದಿ ಆದೇಶದಲ್ಲೇ ಮುದ್ರಿತವಾಗಿರುತ್ತದೆ.

ಕಾನೂನು ಸಂಶೋಧಕ

ಆ ಷರತ್ತಿಗೆ ಕಾನೂನಿನಲ್ಲಿ ಮದ್ದಿದೆ. ನಾನು ಮೇಲೆ ಹೇಳಿದ 2016ರ ಮಾದರಿ ಕಾಯಿದೆಯ ಪ್ರಕಾರ, ಅಂಥ ಷರತ್ತು ಇದ್ದರೂ ಬಾಕಿಯ ವರ್ಗಾವಣೆ ಸಿಂಧುವಾಗುತ್ತದೆ. ಭಾರತ 2024ರ ನವೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ, 250 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್‌ನಲ್ಲಿ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿದೆ. ಆದರೆ ನೋಂದಾಯಿಸಿಕೊಳ್ಳುವುದು ಬೇರೆ, ಪ್ರತಿ ಬಿಲ್ಲನ್ನೂ ಸಕಾಲಕ್ಕೆ ಒಪ್ಪುವುದು ಬೇರೆ. ಇಂತಿಷ್ಟು ದಿನಗಳಲ್ಲಿ ಆಕ್ಷೇಪಿಸದಿದ್ದರೆ ಬಿಲ್ ಒಪ್ಪಿಗೆಯಾದಂತೆ ಎಂಬ ನಿಯಮ ಬರಬೇಕೆಂಬುದು ನನ್ನ ಅಭಿಪ್ರಾಯ.

ಬಿಡಿಭಾಗ ತಯಾರಕ

ಅಂಥ ನಿಯಮವನ್ನು ನಾನು ಸ್ವಾಗತಿಸುತ್ತೇನೆ. ಆಕ್ಷೇಪಣೆಯ ಗಡುವು ಸರಕು ತಲುಪಿದ ದಿನದಿಂದ ಎಣಿಸುವಂತಿರಲಿ, ಗುಣಮಟ್ಟದ ತಪಾಸಣೆ ಮುಗಿದ ದಿನದಿಂದ ಅಲ್ಲ. ತಪಾಸಣೆ ಯಾವಾಗ ಮುಗಿಯಿತೆಂದು ಬರೆಯುವವರು ಅವರೇ.